ಕತೆ ಮುಗಿದ ಮೇಲೆ ‘ಇದರ ನೀತಿ ಏನೆಂದರೆ’ ಅಂತ ರೇಡಿಯೊದಲ್ಲಿ ಹೇಳಲೇಬೇಕಾ?

ಬಿಳಿಜೋಳ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ಒಂದು ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು. ಇಲ್ಲಿ ರೇಡಿಯೊ ಕೇಳುವವರೂ ಇದ್ದೀರಿ, ರೇಡಿಯೊದಲ್ಲಿ ದುಡಿದವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಓದಿ.

ನಾನು ನಮ್ಮ ಕಡೆಯ ಒಂದು ಸಮುದಾಯ ರೇಡಿಯೊದಲ್ಲಿ ವಾರಕ್ಕೊಮ್ಮೆ ಕತೆ ಹೇಳುತ್ತೇನೆ. ಹೆಚ್ಚಿನವು ನಮ್ಮ ಆಯಿ ಹೇಳಿದವು. ಹೋದ ವಾರ ಹೇಳಿದ್ದು ಬೀಜದ ಗಡಿಗೆಯ ಕತೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಬರಗಾಲದ ವರ್ಷ. ಒಂದು ಮನೆಯಲ್ಲಿ ಮುದುಕಿ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಉಣ್ಣುವ ಕಾಳು ಮುಗಿದಿದೆ. ಉಳಿದಿರುವುದು ಒಂದೇ ಗಡಿಗೆ ಬಿಳಿ ಜೋಳ, ಅದೂ ಬಿತ್ತನೆಗೆ. ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸಗಣಿ ಮೆತ್ತಿ ಇಟ್ಟಿದ್ದಾಳೆ. ಮಕ್ಕಳು ಹಸಿದು ಅಳುತ್ತವೆ. ಮುದುಕಿ ಗಡಿಗೆ ಮುಟ್ಟುವುದಿಲ್ಲ, ಯಾರಿಗೂ ಮುಟ್ಟಗೊಡುವುದಿಲ್ಲ. ಒಂದು ರಾತ್ರಿ ಅಂಬಲಿ ಕುದಿಯುವ ವಾಸನೆ ಬರುತ್ತದೆ. ಮುದುಕಿಗೆ ಎಚ್ಚರ ಇದೆ. ಆದರೂ ಏಳುವುದಿಲ್ಲ. ಬೆಳಗ್ಗೆ ನೋಡಿದರೆ ಗಡಿಗೆಯ ಬಾಯಿಗೆ ಹಸಿ ಸಗಣಿ. ಯಾರನ್ನೂ ಏನೂ ಕೇಳುವುದಿಲ್ಲ. ಮುಂದೆ ಉತ್ತರಿ ಮಳೆ ಬರುತ್ತದೆ. ಗಡಿಗೆ ಬಿಚ್ಚಿ ಅಳೆದರೆ ಒಂದು ಪಾವು ಕಡಿಮೆ. ಕೂರಿಗೆ ಹೂಡುವಾಗ ಮುದುಕಿ ಹೊಲದ ಒಂದು ಮಗ್ಗುಲಲ್ಲಿ ಆ ಪಾವಿನಷ್ಟು ನೆಲ ಬಿತ್ತದೆ ಬಿಡಿಸುತ್ತಾಳೆ. ಆ ವರ್ಷ ಬೆಳೆ ಚೆನ್ನಾಗಿ ಬರುತ್ತದೆ. ಮರುವರ್ಷ ಬೀಜ ಬೇಕಾದಷ್ಟಿದೆ. ಆದರೂ ಅಷ್ಟು ನೆಲ ಬಿಡಿಸುತ್ತಾಳೆ. ಸಾಯುವ ತನಕ ಬಿಡಿಸುತ್ತಾಳೆ.

ಅಷ್ಟೇ ಕತೆ. ನಮ್ಮ ಆಯಿ ಇಲ್ಲಿಗೇ ನಿಲ್ಲಿಸುತ್ತಿದ್ದಳು. ನಾನೂ ಇಲ್ಲಿಗೇ ನಿಲ್ಲಿಸಿದೆ.

ಆ ಸಂಜೆ ಏಳು ಫೋನ್ ಬಂದವು. ನಮಗೆ ಇದು ಜಾಸ್ತಿಯೇ. ಚಿತ್ತಾಪುರ ಕಡೆಯ ಹಿರಿಯರೊಬ್ಬರು, ‘ಕಳವು ಮಾಡಿದ್ದು ವರ್ಷಾ ವರ್ಷಾ ಮಗನಿಗೆ ನೆನಪಾಗ್ಲಿ ಅಂತ ಬಿಟ್ಟಾಳ್ರಿ’ ಅಂದರು. ಒಬ್ಬ ಹೆಣ್ಣುಮಗಳು, ‘ಇಲ್ಲಕ್ಕಾ, ಆಕಿ ತನಗ ತಾನೇ ಶಿಕ್ಷೆ ಕೊಟ್ಕೊಂಡಾಳ. ಕೂಸು ಅಳುವಾಗ ಗಡಿಗಿ ಬಿಚ್ಚಲಿಲ್ಲಲ್ಲ’ ಅಂದರು. ಹೈಸ್ಕೂಲ್ ಹುಡುಗಿಯೊಬ್ಬಳು, ‘ಆ ನೆಲ ಆ ರಾತ್ರಿ ಉಂಡ ಮಕ್ಕಳ ಪಾಲು. ಅವರು ಮೊದಲೇ ಉಂಡರು, ಅದಕ್ಕೆ ಅಲ್ಲಿ ಬೆಳೆ ಇಲ್ಲ’ ಅಂದಳು. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಈ ಕತೆ ಗೊತ್ತು, ನನಗೆ ಹೀಗೆ ಹೊಳೆದೇ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮರುಪ್ರಸಾರ ಕೇಳಿದೆ. ಕತೆಯ ಕೊನೆಗೆ ಬೇರೊಬ್ಬರ ದನಿ ಸೇರಿಸಿದ್ದರು. ‘ಕೇಳುಗರೇ, ಎಂಥ ಕಷ್ಟದಲ್ಲೂ ಬೀಜ ಉಳಿಸಿಕೊಳ್ಳಬೇಕು ಎಂಬುದೇ ಈ ಕತೆಯ ನೀತಿ.’ ನನ್ನನ್ನು ಕೇಳಿರಲಿಲ್ಲ. ಯಾಕೆ ಅಂದರೆ, ‘ಜನಕ್ಕೆ ಗೊಂದಲ ಆಗಿದೆ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ’ ಅಂದರು.

ಮರುದಿನ ಆ ಹೆಣ್ಣುಮಗಳು ಮತ್ತೆ ಫೋನ್ ಮಾಡಿದ್ದರು. ‘ಅಕ್ಕಾ, ನಾ ತಪ್ಪು ತಿಳ್ಕೊಂಡಿದ್ನಲ್ಲ?’ ಅಂತ ಕೇಳಿದರು. ಅದನ್ನು ಕೇಳಿ ನನಗೆ ತುಂಬಾ ನೋವಾಯಿತು. ನೀವೆಲ್ಲ ಏನು ಹೇಳುತ್ತೀರಿ?

ಮುತ್ಯಾನ ಮೊಮ್ಮಗ, ಯಾದಗಿರಿ

ಅಕ್ಕಾ, ಓದಿ ನಮ್ಮ ಮುತ್ಯಾ ನೆನಪಾದ. ಅವನು ಕತೆ ಶುರು ಮಾಡುವ ಮುಂಚೆ ಒಂದು ಕರಾರು ಇರುತ್ತಿತ್ತು. ಒಬ್ಬರು ‘ಹೂಂ’ ಅನ್ನುತ್ತಾ ಇರಬೇಕು. ಸುಮ್ನೆ ಕೂತರೆ ಕತೆ ನಿಲ್ಲಿಸುತ್ತಿದ್ದ. ‘ಹೂಂ ಅನ್ನೋರು ಇಲ್ಲಂದ್ರ ನಾ ಗ್ವಾಡಿಗಿ ಹೇಳ್ಲೇನು?’ ಅನ್ನುತ್ತಿದ್ದ. ನಾನು ಚಿಕ್ಕವನು, ಆ ಕೆಲಸ ನನ್ನದೇ.

ಆಗ ಅದು ನಿದ್ದೆ ಬಂದಿದೆಯಾ ಅಂತ ನೋಡುವ ಉಪಾಯ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಹಾಗಲ್ಲ ಅನ್ನಿಸುತ್ತದೆ. ಒಂದೊಂದು ಹೂಂ ಒಂದೊಂದು ಥರ ಇರುತ್ತಿತ್ತು. ಹೆದರಿಕೆಯ ಹೂಂ, ನಂಬಿಕೆ ಇಲ್ಲದ ಹೂಂ, ಮುಂದೇನು ಅನ್ನುವ ಹೂಂ. ಮುತ್ಯಾ ಅದನ್ನು ಕೇಳಿಕೊಂಡೇ ಕತೆಯನ್ನು ಹಿಗ್ಗಿಸುತ್ತಿದ್ದ, ಇಲ್ಲವೇ ಕುಗ್ಗಿಸುತ್ತಿದ್ದ. ಅಂದರೆ ಕತೆಯಲ್ಲಿ ಅರ್ಧ ನಮ್ಮದೇ ಇತ್ತು. ರೇಡಿಯೊದಲ್ಲಿ ಕೇಳುವವರ ಹೂಂ ನಿಮಗೆ ಕೇಳಿಸಲ್ಲ. ಅದಕ್ಕೆ ಭಯ ಬಿದ್ದು ಅವರ ಪಾಲಿನ ಹೂಂ ಕೂಡ ಸ್ಟುಡಿಯೊದವರೇ ಹೇಳಿಬಿಟ್ಟಿದ್ದಾರೆ.

ಹಳೇ ಮರ್ಫಿ, ಕಲಬುರಗಿ

ತಂಗಿ, ನಾನು ಬೇರೆ ಊರಿನ ಒಂದು ನಿಲಯಕ್ಕೆ ವರ್ಷಗಟ್ಟಲೆ ಸ್ಕ್ರಿಪ್ಟ್ ಬರೆದವನು. ಈಗ ಮನೆಯಲ್ಲಿದ್ದೇನೆ. ನಿನ್ನ ಕಾರ್ಯಕ್ರಮದವರು ಮಾಡಿದ್ದು ತಪ್ಪು. ಆದರೆ ಅವರಿಗೆ ಆ ಭಯ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ರೇಡಿಯೊದಲ್ಲಿ ಸುಮ್ಮನಿರುವುದೇ ಅಪರಾಧ. ನಮಗೆ ಮೊದಲ ದಿನದಿಂದ ಕಲಿಸಿದ್ದು ಅದೇ. ಸಿನಿಮಾದಲ್ಲಿ ಮೌನ ಇದ್ದರೆ ಮುಖ ಕಾಣುತ್ತದೆ. ಇಲ್ಲಿ ಮೌನ ಅಂದರೆ ಕೇಳುಗ ಸ್ಟೇಷನ್ ಹೋಯಿತು ಅಂದುಕೊಂಡು ಮುಳ್ಳು ತಿರುಗಿಸುತ್ತಾನೆ. ಹತ್ತು ಸೆಕೆಂಡ್ ಸದ್ದಿಲ್ಲ ಅಂದರೆ ಡ್ಯೂಟಿ ರೂಮಿನಿಂದ ಫೋನ್ ಬರುತ್ತಿತ್ತು. ಅದಕ್ಕೇ ಕೈಯಳತೆಯಲ್ಲಿ ಫಿಲ್ಲರ್ ಸಂಗೀತ ಇಟ್ಟುಕೊಂಡಿರುತ್ತಿದ್ದೆವು. ಕತೆಯ ಕೊನೆಯ ನೀತಿ ಕೂಡ ಒಂದು ಥರ ಫಿಲ್ಲರ್ರೇ. ಮೌನ ತುಂಬುವುದಕ್ಕೆ ಹಾಕುವುದು. ನಾನೂ ನೂರಾರು ಸಲ ಬರೆದಿದ್ದೇನೆ. ಮೂವತ್ತು ಸೆಕೆಂಡ್ ಉಳಿದರೆ ಎರಡು ಸಾಲು ನೀತಿ. ಅವುಗಳಲ್ಲಿ ಒಂದೂ ಈಗ ನೆನಪಿಲ್ಲ.

ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ನಮ್ಮ ಓಣಿಯಲ್ಲಿ ಒಂದೇ ಮನೆಯಲ್ಲಿ ರೇಡಿಯೊ ಇತ್ತು. ಸಂಜೆ ಕಟ್ಟೆಗೆ ತಂದು ಇಡುತ್ತಿದ್ದರು. ನಾಟಕ ಮುಗಿದ ಮೇಲೆ ರೇಡಿಯೊ ಬಂದ್ ಮಾಡಿ ಒಂದು ತಾಸು ಜಗಳ. ಆಕೆ ಗಂಡನ ಮನೆಗೆ ವಾಪಸ್ ಹೋಗಬೇಕಿತ್ತಾ, ಬೇಡವಾ ಅಂತ. ನಾಟಕ ಅರ್ಧ ತಾಸು, ಜಗಳ ಒಂದು ತಾಸು. ನನಗೆ ರೇಡಿಯೊ ಹುಚ್ಚು ಹಿಡಿದದ್ದು ಆ ಜಗಳದಿಂದ.

ಇನ್ನೊಂದು ಹೇಳಲೇಬೇಕು. 1956ರಲ್ಲಿ ಪುಣೆ ಕಡೆ ಆಕಾಶವಾಣಿ ಮತ್ತು ಯುನೆಸ್ಕೊ ಸೇರಿ ಒಂದು ಪ್ರಯೋಗ ಮಾಡಿದವು. ಸುಮಾರು 150 ಹಳ್ಳಿಗಳಲ್ಲಿ ರೈತರು ಗುಂಪಾಗಿ ಕೂತು ರೇಡಿಯೊ ಕೇಳುವುದು, ಕೇಳಿದ ಮೇಲೆ ತಾವೇ ಚರ್ಚೆ ಮಾಡುವುದು. ವಾರಕ್ಕೆ ಎರಡು ಸಲ, ಹತ್ತು ವಾರ. ಈ ಪದ್ಧತಿ ಮೊದಲು ಬಂದದ್ದು ಕೆನಡಾದಿಂದ. ಅಲ್ಲಿ 1941ರಿಂದ ಇತ್ತು. ‘ಓದಿ, ಕೇಳಿ, ಚರ್ಚಿಸಿ, ಕೆಲಸಕ್ಕಿಳಿಯಿರಿ’ ಅನ್ನುವುದು ಅವರ ಘೋಷಣೆ. ಆ ಸಾಲಿನಲ್ಲಿ ಕೇಳುವುದಕ್ಕೂ ಮಾಡುವುದಕ್ಕೂ ನಡುವೆ ಚರ್ಚೆ ಇದೆ, ನೋಡಿ. ಕೇಳಿದ ತಕ್ಷಣ ನೀತಿ ಹೇಳಿಬಿಟ್ಟರೆ ಚರ್ಚೆಗೆ ಏನು ಉಳಿಯುತ್ತದೆ?

ಆಶಾ ಕಾರ್ಯಕರ್ತೆ, ಶಹಾಪುರ ತಾಲ್ಲೂಕು

ಅಕ್ಕಾ, ನಿಮ್ಮ ಕತೆ ತುಂಬಾ ಇಷ್ಟ ಆಯಿತು. ಆದರೆ ನನ್ನದು ಬೇರೆ ಅನುಭವ. ಹೇಳದಿದ್ದರೆ ಸರಿ ಹೋಗಲ್ಲ.

ಕೆಲವು ವರ್ಷದ ಹಿಂದೆ ಒಂದು ಚಿಕ್ಕ ರೇಡಿಯೊಗೆ ನಾವು ನಾಲ್ಕು ಜನ ಸೇರಿ ನಾಟಕ ಮಾಡಿದೆವು. ಕೂಸಿಗೆ ಭೇದಿ ಹತ್ತಿದೆ. ಅತ್ತೆ ನೀರು ಕೊಡಬೇಡ ಅನ್ನುತ್ತಾಳೆ. ಸೊಸೆ ಕದ್ದು ಕೊಡುತ್ತಾಳೆ. ಕೂಸು ಉಳಿಯುತ್ತದೆ. ಯಾಕೆ ಉಳಿಯಿತು ಅಂತ ನಾವು ಬಿಡಿಸಿ ಹೇಳಲಿಲ್ಲ. ಜನಕ್ಕೆ ತಿಳಿಯುತ್ತದೆ ಅಂದುಕೊಂಡೆವು. ಮರುವಾರ ಒಂದು ಮನೆಗೆ ಹೋದರೆ ಅಜ್ಜಿಯೊಬ್ಬರು ನನಗೇ ಹೇಳಿದರು. ‘ನಿಮ್ಮ ನಾಟಕದಾಗ ಅತ್ತಿ ಗಟ್ಟಿ ಇದ್ಳು, ನೀರು ನಿಲ್ಲಿಸಿದ್ಳು, ಅದಕ್ಕ ಭೇದಿ ನಿಂತ್ತು.’ ಆ ಮನೆಯಲ್ಲಿ ಭೇದಿ ಹತ್ತಿದ ಕೂಸಿತ್ತು, ನೀರು ಕೊಟ್ಟಿರಲಿಲ್ಲ. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ನಾನು ಅಲ್ಲೇ ಕೂತು ಓಆರ್‌ಎಸ್, ಅಂದರೆ ಉಪ್ಪು ಸಕ್ಕರೆ ಬೆರೆಸಿದ ನೀರು, ಕುಡಿಸಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೂಸು ಉಳಿಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ. ಅರ್ಥ ಅವರೇ ತೆಗೆದುಕೊಳ್ಳಲಿ ಅನ್ನುವುದು ಎಲ್ಲ ಕಡೆ ನಡೆಯಲ್ಲ. ಒಂದು ಲೀಟರ್ ಶುದ್ಧ ನೀರು, ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರಲ್ಲಿ ನಿಮ್ಮ ಅರ್ಥ, ನನ್ನ ಅರ್ಥ ಅಂತ ಇಲ್ಲ. ಉಪ್ಪು ಜಾಸ್ತಿ ಆದರೆ ಕೂಸಿಗೇ ಕೆಡುಕು.

ಬಿಳಿಜೋಳ, ಕಲಬುರಗಿ

ಆಶಾ ಅಕ್ಕಾ, ನಿಮ್ಮ ಮಾತು ಎರಡು ಸಲ ಓದಿದೆ. ನೀವು ಹೇಳಿದ್ದು ಸರಿ. ನಾನು ಹೀಗೆ ಯೋಚಿಸಿರಲಿಲ್ಲ.

ಆದರೂ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಉಪ್ಪು ಸಕ್ಕರೆಯ ಲೆಕ್ಕವನ್ನು ಕತೆಯ ಹೊಟ್ಟೆಯಲ್ಲಿ ಇಡಬೇಕಿತ್ತಾ? ನಾಟಕದ ಮುಂಚೆಯೋ ಆಮೇಲೆಯೋ, ನಿಮ್ಮದೇ ದನಿಯಲ್ಲಿ, ಆಶಾ ಕಾರ್ಯಕರ್ತೆಯಾಗಿ ನೇರವಾಗಿ ಹೇಳಿದ್ದರೆ? ಅತ್ತೆ ಸೊಸೆಯ ಕತೆ ಅವರ ಪಾಡಿಗೆ ಅವರದು. ಅತ್ತೆ ಯಾಕೆ ಹೆದರಿದಳು, ಸೊಸೆ ಯಾಕೆ ಕದ್ದು ಕೊಡಬೇಕಾಯಿತು, ಇದನ್ನು ಜನ ಮಾತಾಡಲಿ. ನೀರು ಕೊಡಬೇಕೋ ಬೇಡವೋ ಅನ್ನುವುದನ್ನು ಮಾತ್ರ ಊಹೆಗೆ ಬಿಡಬಾರದು.

ಕಲ್ಯಾಣದ ಓದುಗ, ಬಸವಕಲ್ಯಾಣ

ಈ ಚರ್ಚೆ ನಮ್ಮ ನೆಲಕ್ಕೆ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲಿ ಇದೇ ಊರಲ್ಲಿ ಶರಣರು ಕೂತು ಮಾತಾಡಿದರು. ಅವರ ವಚನಗಳಲ್ಲಿ ಒಂದು ಬಗೆ ಬೆಡಗಿನ ವಚನ. ಅಲ್ಲಮಪ್ರಭುಗಳದ್ದು ಬಹಳ ಇವೆ. ಕೇಳಿದರೆ ಒಗಟು. ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತದೆ.

ಅವುಗಳಿಗೆ ಆಮೇಲೆ ಬಂದವರು ಟೀಕು ಬರೆದರು. ಈ ಪದಕ್ಕೆ ಇದು ಅರ್ಥ, ಆ ಪದಕ್ಕೆ ಅದು ಅರ್ಥ ಅಂತ. ಹಾಗಾದರೆ ವಿವರಣೆಯೂ ನಮ್ಮ ಪರಂಪರೆಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಟೀಕು ಓದುವುದು ನನಗೂ ಇಷ್ಟ. ಆದರೆ ಟೀಕು ಬರೆದದ್ದು ಯಾರು? ಕೇಳಿದವರು. ಹೇಳಿದವರಲ್ಲ. ವಚನ ಕೇಳಿ, ಅದರ ಜೊತೆ ಬದುಕಿ, ತಮಗೆ ತಿಳಿದದ್ದನ್ನು ಬರೆದರು. ನಿಮಗೆ ಫೋನ್ ಮಾಡಿದ ಆ ಏಳು ಜನರೂ ಟೀಕುಕಾರರೇ. ಆ ಹೆಣ್ಣುಮಗಳ ಟೀಕು ಅಳಿಸಿ, ಅದರ ಮೇಲೆ ಸ್ಟುಡಿಯೊ ತನ್ನ ಟೀಕು ಬರೆಯಿತು. ನನಗೆ ಬೇಸರ ಅದಕ್ಕೆ.

ತತ್ವಪದ ಹಾಡುವ ಭಜನೆಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ಪದ ಹಾಡಿದ ಮೇಲೆ ನಡುರಾತ್ರಿ ಅರ್ಥ ಕೇಳುತ್ತಾ ಕೂರುವವರಿದ್ದಾರೆ. ಒಬ್ಬರು ಒಂದು ಅರ್ಥ ಹೇಳಿದರೆ ಇನ್ನೊಬ್ಬರು, ‘ಹಂಗೂ ಆಗ್ತದ, ಹಿಂಗೂ ಆಗ್ತದ’ ಅಂತ ಮುಂದುವರಿಸುತ್ತಾರೆ. ಅಲ್ಲಿ ಯಾರಿಗೂ ಗೊಂದಲ ಅನ್ನಿಸುವುದಿಲ್ಲ.

ಕೂರಿಗೆ, ಜೇವರ್ಗಿ

ನಾನು ರೈತ. ಬಿಳಿ ಜೋಳಕ್ಕೆ ಎಕರೆಗೆ ಮೂರು ಕೆಜಿ ಬೀಜ ಹಿಡಿಯಿರಿ. ಪಾವು ಅಂದರೆ ಹತ್ತಿರ ಹತ್ತಿರ ಕಾಲು ಕೆಜಿ. ಲೆಕ್ಕ ಹಾಕಿದರೆ ಮೂರು ಗುಂಟೆ ಮೇಲೆ ಬರುತ್ತದೆ. ಅಷ್ಟು ನೆಲ ಖಾಲಿ ಇದ್ದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಅಂದರೆ ಮುದುಕಿ ಊರಿಗೆಲ್ಲ ಕಾಣುವ ಹಾಗೆ ಬಿಟ್ಟಳು. ಮನೆಯ ಒಳಗಿನ ವಿಷಯ ಮಾತ್ರ ಆಗಿದ್ದರೆ ಹೀಗೆ ಬಿಡುತ್ತಿದ್ದಳಾ?

ಇದನ್ನು ಕಟ್ಟೆಯಲ್ಲಿ ಹೇಳಿದೆ. ನಮ್ಮ ಕಾಕಾ, ‘ಖಾಲಿ ಬಿಟ್ಟ ಮಣ್ಣಿಗಿ ತೇವ ಉಳೀತದ. ಆಕಿ ಮುಂದಿನ ಬರಕ್ಕ ತಯಾರಿ ಮಾಡ್ಯಾಳ’ ಅಂದರು. ನಮ್ಮ ಹೆಂಡತಿ ಒಪ್ಪಲಿಲ್ಲ. ಆಕೆ ಎಳ್ಳ ಅಮಾವಾಸ್ಯೆಯ ಚರಗ ನೆನೆಸಿಕೊಂಡಳು. ಹೊಲಕ್ಕೆ ನಾವು ಉಣ್ಣಿಸುತ್ತೇವಲ್ಲ, ಹಾಗೆ ಭೂಮಿಯ ಪಾಲು ಭೂಮಿಗೆ ಬಿಟ್ಟಿದ್ದಾಳೆ ಅಂತ. ರೊಟ್ಟಿ ತಣ್ಣಗಾಗುವ ತನಕ ಮಾತು ನಡೆಯಿತು.

ಮಾಂಜ್ರಾ, ಬೀದರ್

ನಮ್ಮ ಬೀದರ್ ಗಡಿ ದಾಟಿದರೆ ಝಹೀರಾಬಾದ್. ಅದರ ಹತ್ತಿರ ಮಾಚನೂರು ಅನ್ನುವ ಹಳ್ಳಿಯಲ್ಲಿ ಸಂಘಂ ರೇಡಿಯೊ ಇದೆ. 2008ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳೇ ನಡೆಸುತ್ತಾರೆ. ಅದೇ ಸಂಘಗಳ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜಗಳನ್ನೂ ಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ನಿಮ್ಮ ಗಡಿಗೆಯ ಕತೆ ಓದಿದಾಗ ಮೊದಲು ನೆನಪಾದದ್ದು ಅವರೇ.

ರೇಡಿಯೊ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಅವಕಾಶ ಸಿಕ್ಕಿದ್ದು 2006ರಲ್ಲಿ. ಐವತ್ತು ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್. ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಅಷ್ಟು ಚಿಕ್ಕದಾಗಿರುವುದರಿಂದಲೇ ಹೇಳುವವರು, ಕೇಳುವವರು ಒಂದೇ ಸಂತೆಗೆ ಹೋಗುವ ಜನ. ಅಲ್ಲೂ ಮೇಲಿನಿಂದ ಕೆಳಗೆ ಪಾಠ ಮಾಡುವ ದನಿ ಬಂದರೆ, ಅಷ್ಟು ವರ್ಷ ಕಾದು ಪಡೆದದ್ದು ಯಾಕೆ?

ಇನ್ನೊಂದು ಸಣ್ಣ ಮಾತು. ನಮ್ಮಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಎಲ್ಲ ನಡೆಯುತ್ತದೆ. ನಮ್ಮ ಪಕ್ಕದ ಮನೆಯ ದಾದಿಮಾ ಒಬ್ಬರು ಇದ್ದಾರೆ. ಅವರಿಗೆ ಈ ಕತೆಯನ್ನು ನನ್ನ ಹರಕು ದಖನಿಯಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ರಾತ್ರಿ ಮುದುಕಿಗೂ ಒಂದು ಬಟ್ಟಲು ಅಂಬಲಿ ಎತ್ತಿಟ್ಟಿದ್ದರಾ?

ಗುಳೆ ಹೋದವ, ಈಗ ಬೆಂಗಳೂರು

ನಮ್ಮೂರು ಯಾದಗಿರಿ ಜಿಲ್ಲೆ. ಇಲ್ಲಿ ಕಟ್ಟಡದ ಕೆಲಸ. ಶೆಡ್‌ನಲ್ಲಿ ನಾವು ಹನ್ನೊಂದು ಜನ, ಎಲ್ಲ ನಮ್ಮ ಕಡೆಯವರೇ. ಊರಿನ ರೇಡಿಯೊ ಇಲ್ಲಿಗೆ ಬರಲ್ಲ. ತಂಗಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ವಾಟ್ಸಪ್‌ಗೆ ಕಳಿಸಿದ್ದಳು. ಅದರಲ್ಲಿ ನೀತಿ ಇರಲಿಲ್ಲ. ಅಂದರೆ ಮೊದಲನೇ ಸಲದ್ದು.

ರಾತ್ರಿ ಊಟ ಆದ ಮೇಲೆ ಎಲ್ಲರೂ ಕೇಳಿದೆವು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, ‘ಅದು ನಮ್ಮ ನೆಲ’ ಅಂದ. ಊರು ಬಿಟ್ಟು ಬಂದವರ ನೆಲ ಅಂತ ಅವನ ಅರ್ಥ. ಉಣ್ಣಲು ಇಲ್ಲದೆ ಹೋದವರು ಮತ್ತೆ ಬಂದರೆ ಇರಲಿ ಅಂತ ಮುದುಕಿ ಜಾಗ ಬಿಟ್ಟಿದ್ದಾಳೆ. ಕತೆಯಲ್ಲಿ ಯಾರೂ ಊರು ಬಿಡುವುದಿಲ್ಲ, ನನಗೆ ಗೊತ್ತು. ಆದರೆ ನಾವು ಬಿಟ್ಟಿದ್ದೇವೆ. ನೀತಿ ಸೇರಿಸಿದ್ದು ಕಳಿಸಿದ್ದರೆ ಅವನು ಹಾಗೆ ಅನ್ನುತ್ತಿರಲಿಲ್ಲ. ಬೀಜ ಉಳಿಸಿ ಅಂತ ಹೇಳಿದರೆ, ಬೀಜ ಮಾರಿ ಬಸ್ ಹತ್ತಿದವರು ಏನು ಮಾಡಬೇಕು?

ಆಶಾ ಕಾರ್ಯಕರ್ತೆ, ಶಹಾಪುರ ತಾಲ್ಲೂಕು

ತಮ್ಮಾ, ಓದಿ ಕಣ್ಣು ತುಂಬಿತು.

ಬಿಳಿಜೋಳ ಅಕ್ಕಾ, ನಿಮ್ಮ ಮಾತು ನಮ್ಮ ಗುಂಪಿನಲ್ಲಿ ಇಟ್ಟೆ. ಈಗ ಬಾಲ್ಯವಿವಾಹದ ಮೇಲೆ ಒಂದು ನಾಟಕ ಬರೆಯುತ್ತಿದ್ದೇವೆ. ನಾಟಕದ ಒಳಗೆ ಭಾಷಣ ಇರುವುದಿಲ್ಲ. ಅಪ್ಪ ಯಾಕೆ ಅವಸರ ಮಾಡಿದ, ಅವ್ವ ಯಾಕೆ ಸುಮ್ಮನಿದ್ದಳು, ಅದನ್ನು ಹೇಳುವುದಿಲ್ಲ. ಮುಗಿದ ಮೇಲೆ ಸ್ವಲ್ಪ ಬಿಟ್ಟು ನಾನೇ ಬಂದು, ಹುಡುಗಿಗೆ 18 ತುಂಬುವ ಮುಂಚೆ ಮದುವೆ ಮಾಡುವುದು ಅಪರಾಧ, ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಂತ ಹೇಳುತ್ತೇನೆ. ಆದರೆ ‘ಸ್ವಲ್ಪ ಬಿಟ್ಟು’ ಅಂದರೆ ಎಷ್ಟು ಬಿಡಬೇಕು? ಮರ್ಫಿ ಕಾಕಾ ಹೇಳಬೇಕು.

ಹಳೇ ಮರ್ಫಿ, ಕಲಬುರಗಿ

ಪೂರಾ ಮೌನ ಬೇಡಮ್ಮ, ಜನ ಮುಳ್ಳು ತಿರುಗಿಸುತ್ತಾರೆ. ಏಕತಾರಿ ನುಡಿಸುವವರು ನಿಮ್ಮ ಊರಲ್ಲೇ ಸಿಗುತ್ತಾರೆ. ಒಂದು ನಿಮಿಷ ನುಡಿಸಲಿ, ಹಾಡು ಬೇಡ. ಹಾಡಿನಲ್ಲಿ ಮಾತು ಇರುತ್ತದೆ, ಅದೂ ಅರ್ಥ ಹೇಳಲು ಶುರು ಮಾಡುತ್ತದೆ. ಬರೀ ತಂತಿ. ನಾಟಕದ ಕೊನೆಯ ಮಾತು ಹೇಳಿದವರ ದನಿಯಲ್ಲೇ ಫೋನ್ ನಂಬರ್ ಹೇಳಿಸಬೇಡಿ. ದನಿ ಬೇರೆ ಇರಲಿ. ಆಗ ಕೇಳುವವರಿಗೆ ಕತೆ ಮುಗಿದು ಬೇರೆ ಮಾತು ಶುರುವಾಯಿತು ಅಂತ ತಾನಾಗೇ ತಿಳಿಯುತ್ತದೆ.

ನಾನು ಬರೆಯುತ್ತಿದ್ದ ಕಾಲದಲ್ಲಿ 15 ಪೈಸೆ ಕಾರ್ಡಿನಲ್ಲಿ ಪತ್ರ ಬರುತ್ತಿದ್ದವು. ಕಾರ್ಡಿನಲ್ಲಿ ಜಾಗ ಕಡಿಮೆ, ಅದಕ್ಕೆ ಜನ ತಮಗೆ ತಟ್ಟಿದ ಒಂದೇ ಮಾತು ಬರೆಯುತ್ತಿದ್ದರು. ಅವನ್ನು ಓದಿ ‘ನೀವು ಹೇಳಿದ್ದು ಸರಿ’ ಅಂತ ಉತ್ತರ ಕೊಡುತ್ತಿದ್ದೆವು. ಈಗಾದರೆ ಹಾಗೆ ಹೇಳುವುದಿಲ್ಲ. ಪತ್ರ ಓದಿ ಮುಂದಿನ ಪತ್ರಕ್ಕೆ ಹೋಗುತ್ತೇನೆ.

ಬಿಳಿಜೋಳ, ಕಲಬುರಗಿ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ನಿನ್ನೆ ನಮ್ಮ ಕಾರ್ಯಕ್ರಮದವರ ಜೊತೆ ಕೂತು ಮಾತಾಡಿದೆ. ನೀವು ಬರೆದದ್ದನ್ನೆಲ್ಲ ಓದಿ ಹೇಳಿದೆ. ಶೆಡ್‌ನ ಮಾತು ಓದುವಾಗ ಅವರೂ ಸುಮ್ಮನಾದರು. ಸದ್ಯಕ್ಕೆ ಮೂರು ವಾರ ನೋಡೋಣ ಅಂತ ಒಪ್ಪಿದ್ದಾರೆ. ಕತೆ, ಆಮೇಲೆ ಏಕತಾರಿ, ಆಮೇಲೆ ಫೋನ್ ನಂಬರ್. ಮರುವಾರ ಫೋನ್ ಮಾಡಿದವರ ದನಿಗಳನ್ನು ಒಂದರ ಹಿಂದೆ ಒಂದು ಹಾಕುತ್ತೇವೆ. ಯಾವುದು ಸರಿ ಅಂತ ಹೇಳುವುದಿಲ್ಲ. ಮೂರು ವಾರದ ಮೇಲೆ ಏನಾಗುತ್ತದೋ ಗೊತ್ತಿಲ್ಲ. ಅವರಿಗಿನ್ನೂ ಪೂರ್ತಿ ಧೈರ್ಯ ಬಂದಿಲ್ಲ.

ಆ ಹೆಣ್ಣುಮಗಳಿಗೆ ನಾನೇ ಫೋನ್ ಮಾಡಿದೆ. ‘ನೀವು ತಪ್ಪು ತಿಳಿದಿಲ್ಲ ಅವ್ವಾ, ಆ ಕೊನೆಯ ಮಾತು ನನ್ನದಲ್ಲ’ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ನಮ್ಮವ್ವನೂ ಒಂದು ಗಡಿಗಿ ಇಟ್ಟಿದ್ಳಕ್ಕಾ’ ಅಂದರು. ಮುಂದೆ ಹೇಳುತ್ತಾರೇನೋ ಅಂತ ಕಾದೆ. ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೂಂ ಅಂದೆ.

ಮಾಂಜ್ರಾ ಅಣ್ಣಾ, ದಾದಿಮಾ ಕೇಳಿದ ಪ್ರಶ್ನೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಲು ಆಗುತ್ತದಾ? ದಖನಿಯಲ್ಲೇ ಇರಲಿ. ಗುರುವಾರದೊಳಗೆ ಸಿಕ್ಕರೆ ಮೊದಲು ಅದನ್ನೇ ಹಾಕುತ್ತೇನೆ.

ಮಾಂಜ್ರಾ, ಬೀದರ್

ಆಗುತ್ತದೆ ಅಕ್ಕಾ. ಇವತ್ತು ಸಂಜೆ ಅಸರ್ ನಮಾಜ್ ಆದ ಮೇಲೆ ಹೋಗುತ್ತೇನೆ. ಪೂರ್ತಿ ಕತೆಯನ್ನು ಅವರ ಬಾಯಿಂದಲೇ ಹೇಳಿಸಲಾ? ಅವರು ಈಗಾಗಲೇ ಮೊಮ್ಮಕ್ಕಳಿಗೆ ಹೇಳಿದ್ದಾರಂತೆ. ಅವರ ಕತೆಯಲ್ಲಿ ಗಡಿಗೆ ಎರಡಾಗಿವೆ.